ನೀರಿನ ಲೆಕ್ಕ ಅಳಿವೆಯವರೆಗೂ ಹೋಗಲಿ

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಚರ್ಚೆ ನಮ್ಮ ಸಕಲೇಶಪುರ ತಾಲ್ಲೂಕಿನಲ್ಲಿ ಕಡಿದ ಮರ, ಅಗೆದ ಗುಡ್ಡ, ಪರಿಹಾರದ ಮೊತ್ತ ಇವುಗಳನ್ನು ದಾಟುವುದಿಲ್ಲ. ಈ ಹಳ್ಳಗಳ ನೀರು ಕೊನೆಗೆ ಸೇರುವ ಮಂಗಳೂರಿನ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ಪ್ರಸ್ತಾಪ ಘಟ್ಟದ ಮೇಲೆ ಬರುವುದೇ ಇಲ್ಲ.

ತಾಲ್ಲೂಕಿನ ಪೂರ್ವಕ್ಕೆ ಸುರಿದ ಮಳೆ ಹೇಮಾವತಿಯ ಪಾಲಾದರೆ, ಪಶ್ಚಿಮದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ಕುಮಾರಧಾರಾ ಮೂಲಕ ನೇತ್ರಾವತಿಗೆ ಇಳಿದು, ಉಳ್ಳಾಲ ಮತ್ತು ಬೆಂಗ್ರೆಯ ನಡುವೆ ಗುರುಪುರ ನದಿಯೊಡನೆ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರಿನದೇ ಕಾರುಬಾರು. ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಹೊಳೆಯೊಳಗೆ ದೂರದವರೆಗೆ ಏರಿಬರುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಮರುವಾಯಿ ಎಂಬ ಚಿಪ್ಪುಜೀವಿ, ಸಿಗಡಿಯ ಮರಿಗಳು ಬದುಕುವುದು ಈ ಏರಿಳಿತಕ್ಕೆ ಹೊಂದಿಕೊಂಡೇ. ನೆರೆನೀರು ಹೊತ್ತು ತರುವ ಪೋಷಕಾಂಶಗಳು, ಕಡಲಾಳದಿಂದ ಮೇಲೇಳುವ ತಂಪು ನೀರಿನ ಜೊತೆಗೂಡಿ, ಸೂಕ್ಷ್ಮ ಸಸ್ಯಜೀವಿಗಳನ್ನು ಬೆಳೆಸುತ್ತವೆ. ಬೂತಾಯಿ ಮೀನಿಗೆ ಅವೇ ಮೇವು. ಮಳೆಗಾಲದ ನೀರು ಸುಮ್ಮನೆ ಸಮುದ್ರದ ಪಾಲಾಗುತ್ತಿದೆ ಎಂದು ವೇದಿಕೆಗಳಲ್ಲಿ ಭಾಷಣ ಮಾಡುವವರು ಒಮ್ಮೆ ಮಂಗಳೂರಿನ ಮೀನು ದಕ್ಕೆಯಲ್ಲಿ ಇದೇ ಮಾತನ್ನು ಆಡಿ ನೋಡಲಿ.

ಅಳಿವೆಯ ಸಂಕಟಗಳಿಗೆಲ್ಲ ಎತ್ತಿನಹೊಳೆಯೇ ಕಾರಣವೆಂದು ನಾನು ವಾದಿಸುತ್ತಿಲ್ಲ. ದೋಣಿಗಳ ಸಂಚಾರಕ್ಕೆಂದು ಅಳಿವೆ ಬಾಗಿಲಿನ ಇಕ್ಕೆಲದಲ್ಲಿ ಕಟ್ಟಿದ ಕಲ್ಲಿನ ತಡೆಗೋಡೆಗಳು ಕರಾವಳಿಗುಂಟ ಮರಳು ಸಾಗುವ ದಾರಿಯನ್ನೇ ಬದಲಿಸಿದ್ದು, ಬೆಂಗ್ರೆಯ ಕಡೆ ಮರಳು ಕೂಡಿದರೆ ಉಳ್ಳಾಲದ ಕಡೆ ಮನೆ, ತೆಂಗಿನ ಮರಗಳು ಕಡಲಿಗೆ ಬಿದ್ದಿವೆ. ಹೊಳೆಯ ಮರಳು ಲಾರಿ ಏರುತ್ತಿದೆ. ಬೇಸಿಗೆಯ ಹರಿವು ಮಂಗಳೂರು ನಗರಕ್ಕಾಗಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಹೊಳೆ ಬಡವಾಗುವ ಚಳಿಗಾಲದಲ್ಲೇ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಕೆಲಸದ ಕೊಳೆನೀರನ್ನು ಹಳ್ಳಕ್ಕೆ ಬಿಡುವ ತೋಟಗಳು ನಮ್ಮಲ್ಲೂ ಇವೆ ಎಂಬುದನ್ನು ಬೆಳೆಗಾರನಾಗಿ ಮುಚ್ಚಿಡಲಾರೆ.

ಇಷ್ಟೆಲ್ಲದರ ಮೇಲೆ ಈಗ 24 ಟಿಎಂಸಿ ನೀರೆತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ. ಆದರೆ ಕುಡಿಯುವ ನೀರಿನ ಯೋಜನೆಯೆಂಬ ಕಾರಣಕ್ಕೆ ಇದಕ್ಕೆ ಪರಿಸರ ಅನುಮತಿಯ ಅಗತ್ಯವೇ ಬೀಳಲಿಲ್ಲವಾದ್ದರಿಂದ, ಕೆಳಗಿನ ಪರಿಣಾಮವನ್ನು ಅಳೆಯುವ ಹೊಣೆಯನ್ನಾದರೂ ಸರ್ಕಾರ ತಾನಾಗಿ ಹೊರಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಪ್ರತಿಯೊಂದು ಒಡ್ಡಿನಲ್ಲೂ ಎತ್ತಿದ ಮತ್ತು ಕೆಳಕ್ಕೆ ಬಿಟ್ಟ ನೀರಿನ ದಿನದಿನದ ಲೆಕ್ಕವನ್ನು ಪ್ರಕಟಿಸಬೇಕು. ಅಳಿವೆಯ ಉಪ್ಪಿನಂಶ, ಮರಳು ಮತ್ತು ಮೀನುಮರಿಗಳ ಅಧ್ಯಯನವನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಂತಹ ಸಂಸ್ಥೆಗೆ ವಹಿಸಬೇಕು. ಈ ಕೆಲಸ ಮುಂದಿನ ಮಳೆಗಾಲಕ್ಕೇ ಶುರುವಾಗಬೇಕು. ನೀರೆತ್ತುವುದು ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ಅಳೆಯಲು ಹೊರಟರೆ, ಹೋಲಿಸಿ ನೋಡಲು ಹಿಂದಿನ ಅಂಕಿಅಂಶಗಳೇ ಇರುವುದಿಲ್ಲ.

— ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ