ಹಂದಿ ಕಾಯಾಂವ

ರಾತ್ರಿ ಹನ್ನೊಂದೂವರೆ. ಬೆಳಗಾಗುವುದರೊಳಗೆ ನಮ್ಮ ಸಂಘದ ಸುದ್ದಿಪತ್ರದ ಸಂಚಿಕೆ ಮುದ್ರಣಕ್ಕೆ ಹೋಗಬೇಕು, ಸಂಪಾದಕೀಯದ ಜಾಗ ಮಾತ್ರ ಖಾಲಿ. ಊಟದ ಹೊತ್ತಿಗೆ ಮಗಳು ಕೇಳಿದ ಪ್ರಶ್ನೆಯನ್ನೇ ಬರೆದುಬಿಡುತ್ತೇನೆ.

ಶಾಲೆಯಲ್ಲಿ ಅವಳಿಗೆ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿ ಪಾಠ. "ಅಮ್ಮಾ, ಸ್ವೈನ್‌ಹರ್ಡ್‌ಗೆ ಕನ್ನಡದಲ್ಲಿ ಏನು?" ದನಗಾಹಿ, ಕುರಿಗಾಹಿ, ಗೊಲ್ಲ, ಕುರುಬ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹಂದಿಗೆ ಯಾವುದೂ ಒಗ್ಗಲಿಲ್ಲ. ಕೊನೆಗೆ "ಹಂದಿ ಕಾಯಾಂವ" ಅಂದೆ. ಮೈಸೂರಿನ ನಮ್ಮ ಯಜಮಾನರು "ಕಾಯೋನು ಅನ್ನೇ" ಎಂದು ನಕ್ಕರು.

ಗ್ರೀಕರಲ್ಲಿ ಪ್ರಾಣಿಗೊಂದು ಹೆಸರು. ದನ ಕಾಯುವವನು ಬೂಕೊಲೊಸ್, ಆಡಿನವನು ಐಪೊಲೊಸ್, ಕುರಿಯವನು ಪೊಯ್ಮೆನ್, ಹಂದಿಯವನು ಸುಬೋಟೆಸ್. 20 ವರ್ಷದ ಮೇಲೆ ಊರು ಮುಟ್ಟಿದ ಕಥಾನಾಯಕ ಒಡಿಸ್ಸಿಯಸ್‌ಗೆ ಮೊದಲು ಉಣ್ಣಲಿಕ್ಕಿದವನು ಹಂದಿ ಕಾಯುವ ಯೂಮಯಸ್. ಕೈಕೊಟ್ಟವನು ಆಡಿನವನು. ಹೋಮರನ ಇನ್ನೊಂದು ಕಾವ್ಯ ಇಲಿಯಡ್‌ನಲ್ಲಂತೂ 3000 ಕುದುರೆ ಮೇಯುವುದಕ್ಕೂ ದನ ಕಾಯುವ ಕ್ರಿಯಾಪದವೇ. ನಾವು ಎಳ್ಳಿನಿಂದ ಹುಟ್ಟಿದ 'ಎಣ್ಣೆ'ಯನ್ನು ಕೊಬ್ಬರಿಗೂ ಅಂಟಿಸಿಲ್ಲವೇ, ಹಾಗೆ.

ಧಾರವಾಡದ ಕಡೆ ನಮ್ಮೂರಲ್ಲಿ ದನಾ ಕಾಯಾಂವ ಬೆಳಿಗ್ಗೆ ಅಗಸಿ ಹತ್ತಿರ ನಿಂತು "ದನಾ ಬಿಡ್ರೆವ್ವೋ" ಎಂದು ಕೂಗುತ್ತಿದ್ದ. ಮನೆಮನೆಯಲ್ಲೂ ಕಣ್ಣಿ ಬಿಚ್ಚುತ್ತಿದ್ದರು. ಹೆಗಲಿಗೆ ಕಂಬಳಿ, ಬುತ್ತಿಗಂಟಿನಲ್ಲಿ ರೊಟ್ಟಿ, ಕೆಂಪಿಂಡಿ. ಸಂಜೆ ಧೂಳೆಬ್ಬಿಸಿಕೊಂಡು ಬಂದಾಗ ಅವನು ಯಾವುದನ್ನೂ ಅಟ್ಟುತ್ತಿರಲಿಲ್ಲ. ಒಂದೊಂದೇ ತನ್ನ ಓಣಿಗೆ ತಾನೇ ತಿರುಗುತ್ತಿತ್ತು. ನಮ್ಮ ಕೆಂದಾಕಳು ಮಾತ್ರ ಪಕ್ಕದ ಮನೆಯ ಮುಸುರಿ ಬಾನಿಗೆ ಬಾಯಿ ಹಾಕಿಯೇ ಬರುತ್ತಿತ್ತು. "ನಮ್ಮನ್ಯಾಗ ಹೊಟ್ಟಿಗಿ ಹಾಕಂಗಿಲ್ಲೇನ ನಿನಗ?" ಎಂದು ಅವ್ವ ದಿನಾ ಬೈಯುವಾಕಿ.

ಆಡು ಕಾಯುವವರ ಹಾಡುಗಳನ್ನು ಕಾವ್ಯಕ್ಕೆ ತಂದ ಥಿಯೋಕ್ರಿಟಸ್ ಕ್ರಿ.ಪೂ. 3ನೇ ಶತಮಾನದ ಗ್ರೀಕ್ ಕವಿ, ಸಿಸಿಲಿ ದ್ವೀಪದ ಸಿರಾಕ್ಯೂಸಿನವನು. ಬರೆದದ್ದು ಹೆಚ್ಚಾಗಿ ಡೋರಿಕ್ ನುಡಿಯಲ್ಲಿ, ಅಂದರೆ ಡೋರಿಯನ್ನರು ಆಡುವ ಗ್ರೀಕಿನಲ್ಲಿ: ತಾಯಿಗೆ ಅಥೆನ್ಸಿನವರು 'ಮೇಟೇರ್' ಅಂದರೆ ಡೋರಿಯನ್ನರು 'ಮಾಟೇರ್'. ಅವನ ಒಂದು ಪದ್ಯದಲ್ಲಿ ಸಿರಾಕ್ಯೂಸ್ ಮೂಲದ ಇಬ್ಬರು ಹೆಂಗಸರು ಅಲೆಕ್ಸಾಂಡ್ರಿಯಾದಲ್ಲಿ ಹಬ್ಬ ನೋಡಲು ಹೊರಡುತ್ತಾರೆ. ಎಳೆದೆಳೆದು ಆಡುವ ಅವರ ಮಾತು ಕೇಳಲಾರದೆ ಅಪರಿಚಿತನೊಬ್ಬ ಗದರುತ್ತಾನೆ. ಡೋರಿಯನ್ನರು ಡೋರಿಕ್ ಆಡಬಾರದೇನು ಎಂದು ಒಬ್ಬಾಕೆ ತಿರುಗಿ ಬೀಳುತ್ತಾಳೆ. ಯುಗಾದಿಯಂದು ನನ್ನ "ಬರ್ರಿ, ಕೂಡ್ರಿ" ಕೇಳಿ ನಕ್ಕವರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಹಾಂ, ಸೂಚನೆಗಳು. ದೀಪಾವಳಿ ಮುಂದಿನ ಶನಿವಾರ ಸಂಜೆ 4ಕ್ಕೆ, ಎಂದಿನ ಸಭಾಂಗಣ. ತಟ್ಟೆ, ಲೋಟ ಮನೆಯಿಂದ ತನ್ನಿ. ಕನ್ನಡ ತರಗತಿಗೆ ಆ ವಾರ ರಜೆ. ಚಂದಾ ಬಾಕಿ ಇದ್ದವರು ಖಜಾಂಚಿಯನ್ನು ಕಾಣಿ. ಸುದ್ದಿಪತ್ರದ ಕರಡು ತಿದ್ದಲು ಒಬ್ಬರಾದರೂ ಬನ್ನಿ. ನಾಲ್ಕು ವರ್ಷದಿಂದ ಒಬ್ಬಳೇ, ಖರೇನ ಆಗವಲ್ದು. ಮಕ್ಕಳ ಬಲಿಪಾಡ್ಯಮಿ ನಾಟಕದ ಆಕಳಿಗೆ ಮುಂಗಾಲು ಸಿಕ್ಕಿವೆ, ಹಿಂಗಾಲಿಗೆ ಇನ್ನೂ ಯಾರೂ ಒಪ್ಪಿಲ್ಲ. ಎತ್ತರ ಐದಡಿ ಒಳಗಿರಲಿ.