ಕಿವಿ ನೋವಿನ ವಿಷಯ

ಪುಟ್ಟಿಗೆ ಮಾವನ ಆಶೀರ್ವಾದ.

ಫೋನಿನಲ್ಲಿ ಹೇಳೋಕೆ ಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನನಗೂ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಹೋದ ತಿಂಗಳು ಯೂಟ್ಯೂಬಿನಲ್ಲಿ ನಿನ್ನ ವಿಡಿಯೋ ನೋಡಿಯೇ ಆ ಇಯರ್‌ಫೋನ್ ತಗೊಂಡೆ. ಅರ್ಧ ಗಂಟೆ ಹಾಕಿಕೊಂಡರೆ ಎಡಗಿವಿ ನೋಯುತ್ತೆ. ವಯಸ್ಸಾಯಿತಲ್ಲ, ನನ್ನ ಕಿವಿಯೇ ಸರಿ ಇಲ್ಲವೇನೋ ಅಂದುಕೊಂಡೆ. ಮೊನ್ನೆ ನೀನೇ ಹೇಳಿದೆ: "ನನಗೂ ನೋಯ್ತು ಮಾವ, ಆದ್ರೆ ಕಂಪನಿಯವರು ದುಡ್ಡು ಕೊಟ್ಟಿದ್ರಲ್ಲ, ಅದನ್ನ ಹಾಕ್ಲಿಲ್ಲ." ಹೇಳಿ ನೀನು ನಕ್ಕೆ. ನನಗೆ ನಗು ಬರಲಿಲ್ಲ.

ರಾತ್ರಿ ಆ ವಿಡಿಯೋ ಮತ್ತೆ ಹಾಕಿ ನೋಡಿದೆ. ನಾಲ್ಕನೇ ನಿಮಿಷ ದಾಟಿದ ಮೇಲೆ ಒಂದು ಕಟ್ ಇದೆ. ಅದಕ್ಕೆ ಮುಂಚೆ ನಿನ್ನ ಕೈ ಕಿವಿಯ ಕಡೆ ಹೋಗುತ್ತಿದೆ, ಕಟ್ ಆದ ಮೇಲೆ ಕೈ ಮಡಿಲಲ್ಲಿದೆ. ಅಷ್ಟೇ. ಗೊತ್ತಿಲ್ಲದವರಿಗೆ ಕಾಣಿಸೋದೂ ಇಲ್ಲ.

ದುಡ್ಡು ತಗೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಕ್ಯಾಮೆರಾ, ಲೈಟು, ರಾತ್ರಿಯಿಡೀ ಕೂತು ಎಡಿಟ್ ಮಾಡೋದು, ಇದೆಲ್ಲ ಪುಕ್ಕಟೆ ಆಗೋ ಕೆಲಸವಲ್ಲ. "ನಾನು ಒಂದು ಸುಳ್ಳೂ ಹೇಳಿಲ್ಲ" ಅಂತೀಯ, ಅದೂ ನಿಜವೇ. ಬಾಯಿಂದ ಬಂದಿದ್ದೆಲ್ಲ ನಿಜ, ತೊಂದರೆ ಇರೋದು ನುಂಗಿಕೊಂಡಿದ್ದರಲ್ಲಿ. ದುಡ್ಡು ಬಂದಿದೆ ಅಂತ ಮೊದಲೇ ಗೊತ್ತಿದ್ದರೆ, ಇವಳು ಏನು ಹೇಳುತ್ತಿಲ್ಲ ಅಂತ ನಾನೂ ಒಂದು ಕಣ್ಣಿಟ್ಟಿರುತ್ತಿದ್ದೆ, ಅಲ್ವಾ?

ಇದು ನೀನೊಬ್ಬಳೇ ಮಾಡಿದ್ದೇನಲ್ಲ. ವಾರ್ನರ್ ಬ್ರದರ್ಸ್ ಕಂಪನಿ ತನ್ನ ವಿಡಿಯೋ ಗೇಮ್ ಒಂದನ್ನು ಹೊಗಳಲು ಯೂಟ್ಯೂಬರ್‌ಗಳಿಗೆ ದುಡ್ಡು ಕೊಟ್ಟಿತ್ತು. 2016ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಹೊರಿಸಿದ ಆರೋಪ ಓದಿದರೆ ನಿನ್ನ ಕಥೆಯೇ ಅನ್ನಿಸುತ್ತೆ: ಗೇಮ್ ಬಗ್ಗೆ ಕೆಟ್ಟದ್ದು ಹೇಳುವಂತಿಲ್ಲ, ಅದರಲ್ಲಿರೋ ದೋಷ ತೋರಿಸುವಂತಿಲ್ಲ. ಸ್ಪಾನ್ಸರ್ ವಿಷಯವನ್ನು ವಿಡಿಯೋ ಕೆಳಗಿನ ವಿವರಣೆಯಲ್ಲಿ ಹಾಕಿ ಅಂದಿದ್ದರಂತೆ. ಅದು ಕಾಣಬೇಕಾದರೆ 'ಇನ್ನಷ್ಟು ತೋರಿಸಿ' ಅನ್ನೋದನ್ನ ಒತ್ತಬೇಕಿತ್ತು. ಅದನ್ನ ಯಾರು ಒತ್ತುತ್ತಾರೆ? ನಾನಂತೂ ಒಂದು ದಿನವೂ ಒತ್ತಿಲ್ಲ.

ಕೊನೆಯಲ್ಲಿ ಕಂಪನಿಗೆ ಥ್ಯಾಂಕ್ಸ್ ಹೇಳಿಬಿಟ್ಟರೆ ಮುಗೀತು ಅನ್ನೋದೂ ಸರಿಯಲ್ಲ. 2014ರಲ್ಲಿ ಬ್ರಿಟನ್ನಿನ ಜಾಹೀರಾತು ಕಾವಲು ಸಂಸ್ಥೆ ಎಎಸ್‌ಎ, ಓರಿಯೋ ಬಿಸ್ಕತ್ತಿನ ಕೆಲವು ಯೂಟ್ಯೂಬ್ ವಿಡಿಯೋಗಳ ಬಗ್ಗೆ ಇದನ್ನೇ ಹೇಳಿತು. ಥ್ಯಾಂಕ್ಸ್ ಅಂದರೆ ಏನು ಬೇಕಾದರೂ ಆಗಬಹುದು. ಇದು ಜಾಹೀರಾತು ಅನ್ನೋದು ಜನ ನೋಡೋಕೆ ಶುರು ಮಾಡೋ ಮುಂಚೆಯೇ ಗೊತ್ತಾಗಬೇಕು.

ಇನ್ನು ಬಿಟ್ಟಿ ಬಂದ ಸಾಮಾನು, ಲಿಂಕ್ ಒತ್ತಿ ಕೊಂಡರೆ ನಿನಗೆ ಬರೋ ಕಮಿಷನ್, ಸ್ನೇಹಿತರ ಕಂಪನಿ, ಇವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಇಬ್ಬರು ಯೂಟ್ಯೂಬರ್‌ಗಳು ಸಿಎಸ್‌ಗೋ ಲಾಟೋ ಅನ್ನೋ ಜೂಜಿನ ವೆಬ್‌ಸೈಟನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ನೋಡಿದರೆ ಸೈಟು ಅವರದ್ದೇ! 2017ರಲ್ಲಿ ಅವರೂ ಅದೇ ಫೆಡರಲ್ ಟ್ರೇಡ್ ಕಮಿಷನ್ ಕೈಗೆ ಸಿಕ್ಕಿಬಿದ್ದರು.

ಹೇಳಿಬಿಟ್ಟರೆ ಜನ ವಿಡಿಯೋ ಓಡಿಸಿಕೊಂಡು ಮುಂದೆ ಹೋಗ್ತಾರೆ ಅಂತ ನಿನ್ನ ಹೆದರಿಕೆ. ಹೋಗ್ತಾರೆ, ಕೆಲವರು ಖಂಡಿತ ಹೋಗ್ತಾರೆ. ಒಂದೆರಡು ಕಂಪನಿಗಳೂ ಕೈ ಬಿಡಬಹುದು. ಆದರೆ ಮುಚ್ಚಿಟ್ಟಿದ್ದು ಬಯಲಾದರೆ ಏನಾಗುತ್ತೆ ಅಂತ ಯೋಚಿಸಿದ್ದೀಯಾ? ಆ ಒಂದು ವಿಡಿಯೋಗೆ ಅದು ನಿಲ್ಲಲ್ಲ. ನೀನು ಕೈಯಿಂದ ದುಡ್ಡು ಹಾಕಿ ಕೊಂಡು, ಮೂರು ವಾರ ಬಳಸಿ ಮಾಡಿದ ಆ ಹಳೇ ಮೈಕ್ ವಿಡಿಯೋ ಇದೆಯಲ್ಲ, ಅದರ ಕೆಳಗೂ ಯಾರೋ ಬಂದು "ಇದಕ್ಕೆ ಎಷ್ಟು ಕೊಟ್ರು?" ಅಂತ ಬರೀತಾರೆ. ಅವರಿಗೆ ಏನಂತ ಉತ್ತರ ಕೊಡ್ತೀಯ? ಬಿಲ್ ತೋರಿಸಿದರೂ ನಂಬಲ್ಲ. ನನ್ನನ್ನೇ ತಗೋ. ನಿನ್ನನ್ನ ಎತ್ತಿ ಆಡಿಸಿದವನು ನಾನು, ಆದರೂ ಮೊನ್ನೆಯಿಂದ ನಿನ್ನ ಯಾವ ವಿಡಿಯೋ ನೋಡಿದರೂ ಕಣ್ಣು ಸುಮ್ನೆ ಕಟ್ ಎಲ್ಲಿದೆ ಅಂತ ಹುಡುಕುತ್ತೆ.

ಆ ವಿಡಿಯೋ ತೆಗೆದುಹಾಕಬೇಡ, ಅದು ಇನ್ನೂ ಕೆಟ್ಟದಾಗಿ ಕಾಣುತ್ತೆ. ಹಣ ಪಡೆದ ಪ್ರಚಾರ ಇದೆ ಅಂತ ಟಿಕ್ ಮಾಡೋ ಬಾಕ್ಸ್ ಯೂಟ್ಯೂಬಿನಲ್ಲಿ ಇದೆಯಲ್ಲ, ಅದನ್ನ ಈಗಲೂ ಟಿಕ್ ಮಾಡಬಹುದು. ಶುರುವಿನಲ್ಲಿ ಸುಮಾರು 10 ಸೆಕೆಂಡು ಒಂದು ಸಣ್ಣ ಬರಹ ಬರುತ್ತೆ. ಅದೊಂದೇ ಸಾಲದು. ಕಾಮೆಂಟಿನಲ್ಲಿ ಮೇಲೆ ಪಿನ್ ಮಾಡಿ ಬರಿ: ದುಡ್ಡು ತಗೊಂಡಿದ್ದೆ, ಕಿವಿ ನೋಯ್ತು, ಹೇಳಲಿಲ್ಲ. ಮುಂದಿನ ಸಲ ಹೊಗಳೋಕೆ ಮುಂಚೆ ನಿನ್ನ ಬಾಯಲ್ಲೇ ಹೇಳು. ಒಪ್ಪಂದಕ್ಕೆ ಸಹಿ ಹಾಕುವಾಗ, ನೋವಾದರೆ ನೋವಾಯ್ತು ಅನ್ನೋ ಸಾಲು ವಿಡಿಯೋದಲ್ಲಿ ಇರುತ್ತೆ ಅಂತ ಅವರಿಂದ ಬರೆಸಿಕೋ. ಒಪ್ಪದಿದ್ದರೆ ಬಿಡು.

ಇಯರ್‌ಫೋನ್ ನನ್ನ ಹತ್ತಿರವೇ ಇದೆ. ಬಲಗಿವಿಯದು ಮಾತ್ರ ಹಾಕಿಕೊಳ್ಳುತ್ತೇನೆ. ದುಡ್ಡು ವಾಪಸ್ ಕೊಡ್ತೀನಿ ಅಂತ ಮಾತ್ರ ಬರಬೇಡ.

ನಿನ್ನ ಮಾವ