ಒರೆಗಲ್ಲಿಗೆ ಸಿಗದ ಚಿನ್ನ

ಪ್ರಿಯ ಗೆಳೆಯ,

ಶಿವಮೊಗ್ಗದಲ್ಲಿ ಮಳೆ ಹಿಡಿದುಕೊಂಡಿದೆ ಎಂದು ನೀನು ಬರೆದಿದ್ದೆ. ಇಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲೂ ಕಳೆದ ಭಾನುವಾರ ಅದೇ ಪಾಡು. ನೆನೆಯುವುದನ್ನು ತಪ್ಪಿಸಿಕೊಳ್ಳಲು ಪಿನಾಕೊಥೆಕ್ ಡೆರ್ ಮಾಡರ್ನೆ ಎಂಬ ವಸ್ತುಸಂಗ್ರಹಾಲಯವನ್ನು ಹೊಕ್ಕೆ. ಭಾನುವಾರ ಒಂದೇ ಯೂರೋ ಟಿಕೆಟ್. ಚಿತ್ರಗಳನ್ನು ನೋಡಲು ಹೋದವನು ನೆಲಮಾಳಿಗೆಯಲ್ಲಿ ಒಡವೆಗಳಿಗೆಂದೇ ಇರುವ ದುಂಡನೆಯ ಕೋಣೆಯಲ್ಲಿ ಸಿಕ್ಕಿಕೊಂಡೆ. ಒಡವೆ ಎಂದೆನಲ್ಲ, ಅಕ್ಕಸಾಲಿಗರಾದ ನಿಮ್ಮ ತಂದೆಯವರು ನೋಡಿದ್ದರೆ ಅರ್ಧಕ್ಕರ್ಧ ಗುಜರಿಗೆ ಹಾಕು ಎನ್ನುತ್ತಿದ್ದರು.

ಮನೆಗೆ ಬಂದು ಇಂಥ ಒಡವೆ ಮಾಡುವವರ ಬಗ್ಗೆ ಓದುತ್ತಾ ಕುಳಿತೆ. ಒಂದು ಬಳೆ ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಒಟ್ಟೊ ಕುನ್ಸ್ಲಿ ಎಂಬಾತ 1980ರಲ್ಲಿ ಮಾಡಿದ್ದು. ಜ್ಯೂರಿಕ್‌ನಲ್ಲಿ ಹುಟ್ಟಿದವನು, ಇದೇ ಮ್ಯೂನಿಕ್‌ನ ಕಲಾ ಅಕಾಡೆಮಿಯಲ್ಲಿ ಬಹುಕಾಲ ಪಾಠ ಹೇಳಿದವನು. ಬಳೆ ಎಂದರೆ ಬರಿಯ ಕಪ್ಪು ರಬ್ಬರ್ ಕೊಳವೆ. ಒಂದು ಕಡೆ ಮಾತ್ರ ಹಾವು ಇಲಿ ನುಂಗಿದಂತೆ ಸಣ್ಣ ಉಬ್ಬು. ಅದರೊಳಗೆ ಚಿನ್ನದ ಗುಂಡು ಇದೆಯಂತೆ. ಅಂತೆ! ನೋಡಬೇಕೆಂದರೆ ರಬ್ಬರ್ ಕೊಯ್ಯಬೇಕು, ಕೊಯ್ದರೆ ಬಳೆಯೇ ಹೋಯಿತು. ಹೆಸರು ‘ಚಿನ್ನ ಕುರುಡು ಮಾಡುತ್ತದೆ’.

ನೋಡಿದ ಕೂಡಲೇ ನಿಮ್ಮ ಅಂಗಡಿ ನೆನಪಾಯಿತು. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆಯನ್ನು ಶಾಲೆಯಲ್ಲಿ ಹೇಳಿ ಹೇಳಿ ನಿನ್ನನ್ನು ಅಳಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ನಿಮ್ಮ ಅಂಗಡಿಯ ಬೆಂಚಿನ ಮೇಲೆ ಕುಳಿತು ಕಂಡದ್ದೇನು? ಚಿನ್ನ ಕರಗಿಸುವಾಗ ಗಿರಾಕಿ ಮೂಸೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಒರೆಗಲ್ಲು, ತಕ್ಕಡಿ, ಸವಕಳಿಯ ಲೆಕ್ಕ, ಈಗ ಹಾಲ್‌ಮಾರ್ಕ್: ಎಲ್ಲವೂ ನಿಮ್ಮವರನ್ನು ನಂಬದಿರುವುದಕ್ಕೆ ಕಂಡುಕೊಂಡ ದಾರಿಗಳೇ. ಕುನ್ಸ್ಲಿ ಅಷ್ಟನ್ನೂ ಒಂದು ತುಂಡು ರಬ್ಬರಿನಿಂದ ಮುಚ್ಚಿ, ‘ನನ್ನ ಮಾತೇ ನಿನಗೆ ಆಧಾರ, ಬೇಕಾದರೆ ತೊಟ್ಟುಕೋ’ ಎಂದುಬಿಟ್ಟ ಹಾಗಿದೆ.

ಅವನದೇ ಇನ್ನೊಂದು ಸರವಿದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜನ ತೊಟ್ಟು ಬಿಟ್ಟ ಮದುವೆಯ ಉಂಗುರಗಳನ್ನು ಕೊಂಡು, 48 ಉಂಗುರಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕಟ್ಟಿದ್ದು. 1985-86ರ ಕೆಲಸ. ಇದು ಶುದ್ಧ ಚಿನ್ನದ ವ್ಯವಹಾರವೇ, ಆದರೂ ತೊಡಲು ಎಂಥವರಿಗೂ ಕೈ ನಡುಗೀತು. ಒಂದೊಂದು ಉಂಗುರ ಕೈಬಿಟ್ಟು ಹೋದದ್ದು ಸಾವಿನಿಂದಲೋ, ಜಗಳದಿಂದಲೋ, ಬಾಡಿಗೆ ಕಟ್ಟಲಾಗದ ತಿಂಗಳಿನಿಂದಲೋ ಯಾರು ಬಲ್ಲರು? ನೀವು ಹಳೆಯ ತಾಳಿ ಬಂದರೆ ಮೊದಲು ಕರಗಿಸುತ್ತೀರಿ. ಅದು ಬರಿಯ ಲೋಹದ ಲೆಕ್ಕವಲ್ಲ, ಋಣ ತೀರಿಸುವ ಕ್ರಮ ಎಂದು ನನಗೆ ಈಗ ಅನ್ನಿಸುತ್ತಿದೆ. ಅವನು ಕರಗಿಸಲಿಲ್ಲ, ಅಷ್ಟೇ.

ಉಳಿದವರದು ಬೇರೆ ಬೇರೆ ಹುಚ್ಚು. ಡಚ್ಚರ ಹೈಸ್ ಬಾಕರ್ 1967ರಲ್ಲಿ ಅಲ್ಯೂಮಿನಿಯಮ್ಮಿನಿಂದ ಒಲೆಯ ಹೊಗೆ ಕೊಳವೆಯಂಥ ಕೊರಳ ಆಭರಣ ಮಾಡಿದ. 1973ರಲ್ಲಿ ತೆಳ್ಳನೆಯ ಚಿನ್ನದ ತಂತಿಯನ್ನು ತೋಳಿಗೆ ಬಿಗಿದು ಬಿಚ್ಚಿ, ಚರ್ಮದ ಮೇಲೆ ಮೂಡಿದ ಗುರುತೇ ಒಡವೆ ಎಂದ. ಬಿಗಿ ಬಳೆ ಕಳಚಿಟ್ಟಾಗ ನನ್ನ ಅಜ್ಜಿಯ ಮಣಿಕಟ್ಟಿನಲ್ಲಿ ಉಳಿಯುತ್ತಿದ್ದ ಗೆರೆಯನ್ನು ನಾನು ಅಷ್ಟು ಗಮನಿಸಿ ನೋಡಿದವನಲ್ಲ. ಸ್ವಿಟ್ಜರ್ಲೆಂಡಿನ ಶೋಬಿಂಗರ್ ಒಡೆದ ಬಾಟಲಿಗಳ ಕುತ್ತಿಗೆಗಳನ್ನೇ ಪೋಣಿಸಿದ; ಅದು ನನಗೆ ರುಚಿಸಲಿಲ್ಲ. ಡಚ್ಚರವನೇ ಆದ ಟೆಡ್ ನೋಟೆನ್ ಸತ್ತ ಇಲಿಯೊಂದಕ್ಕೆ ಪುಟ್ಟ ಮುತ್ತಿನ ಸರ ತೊಡಿಸಿ ಪಾರದರ್ಶಕ ಅಕ್ರಿಲಿಕ್‌ನಲ್ಲಿ ಹೂತಿಟ್ಟ. ಇನ್ನೊಮ್ಮೆ ಜನರು ಅಗಿದ ಚ್ಯೂಯಿಂಗ್ ಗಮ್‌ಗೆ ಅಚ್ಚು ತೆಗೆದು ಲೋಹದಲ್ಲಿ ಎರಕ ಹೊಯ್ದು ಬಟ್ಟೆಗೆ ಸಿಕ್ಕಿಸುವ ಬ್ರೂಚ್ ಮಾಡಿಕೊಟ್ಟ. ಎಂಜಲಿನ ಒಡವೆ! ನಿಮ್ಮ ತಾಯಿಗೆ ಇದನ್ನು ಓದಿ ಹೇಳಬೇಡ.

ಬಡ ಲೋಹವನ್ನು ಹೆಮ್ಮೆಯಿಂದ ತೊಡುವುದು ಇಲ್ಲಿನವರಿಗೆ ಹೊಸತೇನೂ ಅಲ್ಲ. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದ ಹೆಂಗಸರು ಚಿನ್ನ ಒಪ್ಪಿಸಿ ಕಬ್ಬಿಣದ ಒಡವೆ ಪಡೆದರು. ‘ಚಿನ್ನ ಕೊಟ್ಟೆ, ಕಬ್ಬಿಣ ಪಡೆದೆ’ ಎಂಬ ಬರಹ ಅವುಗಳ ಮೇಲಿರುತ್ತಿತ್ತು. ನಮ್ಮಲ್ಲೂ 1962ರ ಚೀನಾ ಯುದ್ಧಕ್ಕೆ ಬಳೆ ಬಿಚ್ಚಿಕೊಟ್ಟವರಿದ್ದರು. ಮರುವರ್ಷವೇ ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡಕೂಡದೆಂಬ ನಿಯಮ ಬಂದು ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ನಿಮ್ಮ ತಾತ ಆ ಕತೆ ಶುರು ಮಾಡಿದರೆ ಊಟಕ್ಕೆ ಏಳುತ್ತಿರಲಿಲ್ಲವಲ್ಲ.

ಈಗ ನನ್ನದೊಂದು ಕಳ್ಳ ಕೆಲಸದ ಸುದ್ದಿ. ರಬ್ಬರ್ ಕೊಳವೆಯ ತುಂಡೊಂದಕ್ಕೆ ಬೇರಿಂಗಿನ ಉಕ್ಕಿನ ಗುಂಡು ತೂರಿಸಿ ಬಳೆ ಮಾಡಿಕೊಂಡಿದ್ದೇನೆ. ಒಳಗೆ ಚಿನ್ನವಿದೆ ಎಂದು ಕಚೇರಿಯಲ್ಲಿ ಹೇಳಿದೆ. ಇಬ್ಬರು ನಂಬಿದರು, ಒಬ್ಬಳು ಚಾಕು ತರಲೇ ಎಂದಳು. ಆದರೆ ನಿಮ್ಮವರ ಮುಂದೆ ಈ ಆಟ ನಡೆಯದೆಂದು ರಾತ್ರಿ ಹೊಳೆಯಿತು. ಚಿನ್ನ ಉಕ್ಕಿಗಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು ಭಾರ. ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಗೊತ್ತಾಗುತ್ತದೆ. ಕುನ್ಸ್ಲಿಯ ಬಳೆಗಳೋ, ಸಂಗ್ರಹಾಲಯ ಸೇರಿದ ಮೇಲೆ ಯಾರ ಅಂಗೈಗೂ ಸಿಗುವುದಿಲ್ಲ.

ಡಿಸೆಂಬರಿನಲ್ಲಿ ಬಂದಾಗ ತರುತ್ತೇನೆ. ನೀನು ಮೊದಲೇ ಬಾಯಿ ಬಿಡಬೇಡ. ನಿಮ್ಮ ತಂದೆಯವರ ಕೈಗಿಟ್ಟು, ಎಷ್ಟು ಗ್ರಾಂ ಇದ್ದೀತು ಎಂದು ಮಾತ್ರ ಕೇಳೋಣ.

ನಿನ್ನ,
ಬೆಂಚಿನ ಗೆಳೆಯ